ವಿದ್ಯೆಯ ಋಣ: ವಾರಾನ್ನದಿಂದ ಬ್ಯಾಂಕಿನ ಸಾಲದವರೆಗೆ

ರಾಜ್ಯೋತ್ಸವದ ಸಂಚಿಕೆಗೆ ಒಂದು ಲೇಖನ ಬರೆದುಕೊಡಬೇಕೆಂದು ಸಂಘದ ಮಿತ್ರರು ಕೇಳಿದಾಗ, ಕನ್ನಡದ ಹಿರಿಮೆಯನ್ನು ಕುರಿತೇ ಬರೆಯೋಣವೆಂದು ಮೊದಲು ನನಗೂ ತೋರಿತು. ಆದರೆ ಕಳೆದ ಜೂನ್ ತಿಂಗಳಲ್ಲಿ ನಡೆದ ಒಂದು ಸಣ್ಣ ಸಂಗತಿ ಮನಸ್ಸನ್ನು ಬಿಟ್ಟು ಹೋಗಲೊಲ್ಲದು. ಅದು ನಮ್ಮಲ್ಲಿ ಅನೇಕರ ಮನೆಯ ಸಂಗತಿಯೂ ಹೌದಾದುದರಿಂದ, ಅದನ್ನೇ ಇಲ್ಲಿ ವಾಚಕರ ಮುಂದಿಡುತ್ತೇನೆ.

ಮಿಯಾಪುರದಲ್ಲಿ ನಮ್ಮ ಮನೆಯ ಮೇಲಿನ ಅಂತಸ್ತಿನಲ್ಲಿ ಬೀದರದ ಕಡೆಯ ಒಂದು ಸಂಸಾರವಿದೆ. ಯಜಮಾನರು ಪಟಾನ್‌ಚೆರುವಿನ ಕಡೆ ಕಾರ್ಖಾನೆಯೊಂದರಲ್ಲಿ ದುಡಿಯುವವರು. ಅವರ ಮಗಳು ಹನ್ನೆರಡನೆಯ ತರಗತಿಯನ್ನು ಒಳ್ಳೆಯ ಅಂಕಗಳಿಂದ ಮುಗಿಸಿದ್ದಳು. ಒಂದು ಖಾಸಗಿ ಕಾಲೇಜಿನಲ್ಲಿ ನಾಲ್ಕು ವರ್ಷದ ಎಂಜಿನಿಯರಿಂಗ್ ಪದವಿಗೆ ಸ್ಥಾನ ಸಿಕ್ಕಿತ್ತು. ಒಂದು ಸಂಜೆ ತಂದೆ ಕಾಗದಗಳ ಕಟ್ಟನ್ನು ಹಿಡಿದು ಕೆಳಗಿಳಿದು ಬಂದರು. ನಾನು ನೌಕರಿಯಲ್ಲಿದ್ದಷ್ಟು ಕಾಲವೂ ಲೆಕ್ಕಪತ್ರ ಬರೆದವನೆಂಬುದು ಅವರಿಗೆ ಗೊತ್ತು.

“ಸರ, ನಾಲ್ಕು ವರ್ಷಕ್ಕ ಹತ್ತು ಲಕ್ಷ ಸಾಲ ಆಗ್ತದ್ರಿ. ಬೀದರದಾಗಿನ ಮನಿ ಅಡವಿಡಬೇಕಂತ. ಓದಿದ ಮ್ಯಾಲ ಹುಡುಗಿ ತೀರಿಸ್ತಾಳೇನ್ರಿ? ಇಲ್ಲಾ ಸುಮ್ಮ ಮೂರು ವರ್ಷದ ಬಿ.ಎಸ್ಸಿ.ಗೆ ಹಾಕಲೇನ್ರಿ?”

ನಾನು ತಕ್ಷಣ ಉತ್ತರ ಹೇಳಲಾರದೆ ಹೋದೆ. ನಾಳೆ ಹೇಳುತ್ತೇನೆಂದು ಕಾಗದಗಳನ್ನು ಇರಿಸಿಕೊಂಡೆ. ಆ ರಾತ್ರಿ ಲೆಕ್ಕ ಹಾಕುತ್ತ ಕುಳಿತಾಗ ನನಗೆ ನಮ್ಮ ತಂದೆಯವರ ನೆನಪಾಯಿತು. ಅವರು 1930ರ ದಶಕದಲ್ಲಿ ಕಲಬುರಗಿಯಲ್ಲಿ ವಾರಾನ್ನ ಉಂಡು ಓದಿದವರು. ಅವರೂ ಋಣ ಮಾಡಿಯೇ ಓದಿದರು. ಆದರೆ ಯಾವ ಕಾಗದಕ್ಕೂ ಸಹಿ ಹಾಕಿರಲಿಲ್ಲ. ಕನ್ನಡದಲ್ಲಿ ಸಾಲ ಎಂಬ ಮಾತು ಒಂದು, ಋಣ ಎಂಬ ಮಾತು ಇನ್ನೊಂದು. ಸಾಲವನ್ನು ಕೊಟ್ಟವನಿಗೇ ತೀರಿಸಬೇಕು; ಋಣವನ್ನು ಮುಂದಿನವನಿಗೂ ತೀರಿಸಬಹುದು. ನಮ್ಮ ಜನರ ವಿದ್ಯೆಯ ಚರಿತ್ರೆಯಲ್ಲಿ ಈ ಎರಡು ಮಾತುಗಳ ನಡುವಿನ ದೂರ ಎಷ್ಟಾಯಿತು, ಹೇಗಾಯಿತು ಎಂಬುದನ್ನು ತಿಳಿಯದೆ ಆ ತಂದೆಯ ಪ್ರಶ್ನೆಗೆ ಉತ್ತರ ಹೇಳುವುದು ಸಾಧ್ಯವಿಲ್ಲವೆಂದು ನನಗೆ ತೋರಿತು.

ನಾಗಾವಿಯ ಘಟಿಕಾಸ್ಥಾನ

ಮಿಯಾಪುರಕ್ಕೆ ಹತ್ತಿರದ ಲಿಂಗಂಪಲ್ಲಿಯಲ್ಲಿ ವಾಡಿಯ ಕಡೆಗೆ ಹೋಗುವ ರೈಲು ಹತ್ತಿದರೆ ವಿಕಾರಾಬಾದ್, ತಾಂಡೂರು, ಸೇಡಂ ದಾಟಿ ಮಳಖೇಡ ಬರುತ್ತದೆ. ಅದೇ ನೃಪತುಂಗನ ಮಾನ್ಯಖೇಟ. ಮುಂದೆ ಚಿತ್ತಾಪುರ. ಚಿತ್ತಾಪುರದ ಬಳಿಯಲ್ಲಿಯೇ ನಾಗಾವಿ ಎಂಬ ಹಳೆಯ ಊರಿನ ಅವಶೇಷಗಳಿವೆ. ಬೇಸಿಗೆಯ ರಜೆಗೆ ಊರಿಗೆ ಹೋಗುವ ನಮ್ಮವರು ಕಿಟಕಿಯಿಂದ ಆ ಬಯಲನ್ನು ಎಷ್ಟೋ ಸಲ ನೋಡಿರುತ್ತಾರೆ. ಆದರೆ ಅಲ್ಲೊಂದು ಕಾಲೇಜು ಇತ್ತೆಂಬುದು ಬಹು ಮಂದಿಗೆ ತಿಳಿಯದು.

ಕ್ರಿ.ಶ. 1058ರ ಶಾಸನವೊಂದು ಅದರ ಲೆಕ್ಕವನ್ನು ಇಟ್ಟಿದೆ. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಒಂದನೆಯ ಸೋಮೇಶ್ವರನ ದಂಡನಾಯಕ ಮಧುಸೂದನನು ನಾಗಾವಿಯಲ್ಲಿ ಘಟಿಕಾಸ್ಥಾನವನ್ನು ಏರ್ಪಡಿಸಿದನು. ವೇದ ಓದುವವರು 200 ಮಂದಿ, ಶಾಸ್ತ್ರ ಓದುವವರು 52 ಮಂದಿ, ಕಲಿಸುವ ಉಪಾಧ್ಯಾಯರು, ಪುಸ್ತಕಗಳನ್ನು ಕಾಯುವ ಸರಸ್ವತೀ ಭಂಡಾರಿಗರು 6 ಮಂದಿ. ಇವರೆಲ್ಲರ ನಿರ್ವಾಹಕ್ಕೆಂದು ಭೂಮಿಯನ್ನು ದತ್ತಿ ಬಿಟ್ಟಿದ್ದರು. ಈ ಶಾಸನಗಳನ್ನು ಓದಿ ಮೊದಲು ಪುಸ್ತಕವಾಗಿ ಪ್ರಕಟಿಸಿದುದು ಇದೇ ಹೈದರಾಬಾದಿನ ಪುರಾತತ್ವ ಇಲಾಖೆ.

ಇಲ್ಲಿ ಗಮನಿಸತಕ್ಕ ಸಂಗತಿ ಒಂದುಂಟು. ಓದುವ ಹುಡುಗನ ಖರ್ಚನ್ನು ನೆಲ ಹೊತ್ತಿತ್ತು. ಮಳೆ ಬಾರದೆ ಹೋದರೆ ನಷ್ಟ ದತ್ತಿಗೆ ಆಗುತ್ತಿತ್ತೇ ಹೊರತು, ಹುಡುಗನು ಓದು ಮುಗಿಸಿ ಹೊರಬರುವಾಗ ತಲೆಯ ಮೇಲೆ ಸಾಲದ ಗಂಟು ಇರುತ್ತಿರಲಿಲ್ಲ. ಆದರೆ ಹಳೆಯದೆಲ್ಲವೂ ಹೊನ್ನು ಎಂದು ಹೇಳುವುದು ನನ್ನ ಉದ್ದೇಶವಲ್ಲ. ಆ 252 ಮಂದಿಯಲ್ಲಿ ಹೊಲ ಉತ್ತವನ ಮಗನಿಗಾಗಲಿ, ಚಮ್ಮಾರನ ಮಗನಿಗಾಗಲಿ ಸ್ಥಳವಿರಲಿಲ್ಲ. ಹೆಣ್ಣುಮಕ್ಕಳಿಗಂತೂ ಇರಲೇ ಇಲ್ಲ. ದತ್ತಿಯ ನೆಲದಲ್ಲಿ ಬೆವರು ಸುರಿಸಿದವರು ಒಬ್ಬರು, ಅದರ ಫಲ ಉಂಡು ಓದಿದವರು ಇನ್ನೊಬ್ಬರು. ವಿದ್ಯೆ ಪುಕ್ಕಟೆಯಾಗಿತ್ತು, ಆದರೆ ಎಲ್ಲರಿಗೂ ಅಲ್ಲ.

ಏಳು ಮನೆಯ ಅನ್ನ

ಘಟಿಕಾಸ್ಥಾನಗಳು ಅಳಿದವು. ಇಂಗ್ಲಿಷ್ ಶಾಲೆಗಳು ಬಂದ ಮೇಲೆ ಹಳ್ಳಿಯ ಬಡ ಹುಡುಗರು ಪಟ್ಟಣಕ್ಕೆ ಬರತೊಡಗಿದರು. ಫೀಜಿಗಿಂತ ದೊಡ್ಡ ಚಿಂತೆ ಹೊಟ್ಟೆಯದು. ಆಗ ಕೈಹಿಡಿದುದು ವಾರಾನ್ನ. ಸೋಮವಾರ ಒಂದು ಮನೆ, ಮಂಗಳವಾರ ಒಂದು ಮನೆ. ಹೀಗೆ ಏಳು ದಿನಕ್ಕೆ ಏಳು ಮನೆ ಗೊತ್ತುಮಾಡಿಕೊಂಡು ಹುಡುಗನು ಓದು ಸಾಗಿಸಬೇಕು. ನಮ್ಮ ತಂದೆಯವರಿಗೆ ಆರು ಮನೆಗಳು ಸಿಕ್ಕಿದ್ದವು, ಶನಿವಾರದ ಮನೆ ಸಿಗಲಿಲ್ಲ. ಮೂರು ವರ್ಷ ಪ್ರತಿ ಶನಿವಾರವೂ ಅವರು ಹುರಿಗಡಲೆ ತಿಂದು ನೀರು ಕುಡಿದು ಮಲಗಿದರಂತೆ. ನೌಕರಿ ಸಿಕ್ಕ ಮೇಲೆ, ತಾವು ಬದುಕಿರುವವರೆಗೆ, ಶನಿವಾರ ಒಬ್ಬ ವಿದ್ಯಾರ್ಥಿ ನಮ್ಮ ಮನೆಯಲ್ಲಿ ಉಣ್ಣಲೇಬೇಕೆಂದು ನಿಯಮ ಮಾಡಿದ್ದರು. ಹುಡುಗನ ಜಾತಿಯನ್ನು ಅವರು ಎಂದೂ ಕೇಳಲಿಲ್ಲ. ಆದರೆ ತಾವು ಉಂಡ ಆರು ಮನೆಗಳಲ್ಲಿ ತಮ್ಮ ಜಾತಿಯನ್ನು ಕೇಳಿಯೇ ಒಳಗೆ ಬಿಟ್ಟಿದ್ದರೆಂಬುದನ್ನೂ ಅವರು ಮರೆಮಾಚುತ್ತಿರಲಿಲ್ಲ.

ವಾರಾನ್ನದ ಈ ಕೊರತೆಯನ್ನು ತುಂಬಲು ಹೊರಟವರು ನಮ್ಮ ಸಮಾಜಗಳ ಹಿರಿಯರು. 1883ರಲ್ಲಿ ಧಾರವಾಡದಲ್ಲಿ ಅರಟಾಳ ರುದ್ರಗೌಡರು, ಗಿಲಗಂಚಿ ಗುರುಸಿದ್ಧಪ್ಪನವರು ಮೊದಲಾದವರು ಲಿಂಗಾಯತ ವಿದ್ಯಾಭಿವೃದ್ಧಿ ಸಂಸ್ಥೆಯನ್ನು ಕಟ್ಟಿದರು. ಶಿರಸಂಗಿಯ ಲಿಂಗರಾಜ ದೇಸಾಯಿಯವರು ತಮ್ಮ ಸಂಸ್ಥಾನದ ಆಸ್ತಿಯನ್ನೇ ವಿದ್ಯಾರ್ಥಿಗಳಿಗೆಂದು ಬರೆದಿಟ್ಟು 1906ರಲ್ಲಿ ತೀರಿಕೊಂಡರು. ಅದೇ 1906ರಲ್ಲಿ ಬೆಂಗಳೂರಿನಲ್ಲಿ ಒಕ್ಕಲಿಗರ ಸಂಘ ಹುಟ್ಟಿತು. 1916ರಲ್ಲಿ ಬೆಳಗಾವಿಯಲ್ಲಿ ಏಳು ಮಂದಿ ಕೂಡಿ ಕರ್ನಾಟಕ ಲಿಂಗಾಯತ ಶಿಕ್ಷಣ ಸಂಸ್ಥೆಯನ್ನು ಆರಂಭಿಸಿದರು. ಮಂಗಳೂರಿನಲ್ಲಿ ಕುದ್ಮುಲ್ ರಂಗರಾಯರು, ಯಾರ ಜಗಲಿಗೂ ಸೇರಿಸದ ಮಕ್ಕಳಿಗಾಗಿ ಶಾಲೆ ತೆರೆದು ತಮ್ಮವರಿಂದಲೇ ಬಹಿಷ್ಕಾರ ಉಂಡರು. ತುಮಕೂರಿನ ಸಿದ್ಧಗಂಗೆಯಲ್ಲಿ ಸಾವಿರಾರು ಹುಡುಗರು ಜಾತಿಭೇದವಿಲ್ಲದೆ ಉಂಡು ಓದಿದ ಕಥೆಯನ್ನು ಹೊಸದಾಗಿ ಹೇಳಬೇಕಾಗಿಲ್ಲ.

ಇವೆಲ್ಲವೂ ಋಣದ ಸಂಸ್ಥೆಗಳು. ಹುಡುಗನು ಓದಿನಲ್ಲಿ ಸೋತರೆ ಯಾರೂ ಅವನ ಮನೆಯನ್ನು ಹರಾಜು ಹಾಕುತ್ತಿರಲಿಲ್ಲ. ಗೆದ್ದರೆ ಅವನು ಮುಂದೆ ಇನ್ನೊಬ್ಬನಿಗೆ ನೆರವಾಗುತ್ತಾನೆಂಬ ನಂಬಿಕೆಯೇ ಬಡ್ಡಿ. ನಷ್ಟದ ಭಾರ ಬಹು ಮಂದಿಯ ಹೆಗಲ ಮೇಲೆ ಹಂಚಿಹೋಗುತ್ತಿತ್ತು.

ಸರ್ಕಾರದ ವೇತನ, ಹೈದರಾಬಾದಿಗೆ ಸಂದ ಬಡ್ಡಿ

ಪರವೂರಿನಲ್ಲಿ ನೆಲೆಸಿದ ನಮಗೆ ಇನ್ನೊಂದು ಉದಾಹರಣೆ ಹೆಚ್ಚು ಹತ್ತಿರದ್ದು. ಮುದ್ದೇನಹಳ್ಳಿಯ ಹುಡುಗ ವಿಶ್ವೇಶ್ವರಯ್ಯನು ಚಿಕ್ಕ ವಯಸ್ಸಿನಲ್ಲೇ ತಂದೆಯನ್ನು ಕಳೆದುಕೊಂಡನು. ಬೆಂಗಳೂರಿನಲ್ಲಿ ಕೊಡಗಿನವರ ಮನೆಯೊಂದರಲ್ಲಿ ಮಕ್ಕಳಿಗೆ ಪಾಠ ಹೇಳಿಕೊಟ್ಟು ಸೆಂಟ್ರಲ್ ಕಾಲೇಜಿನಲ್ಲಿ ಓದಿ 1881ರಲ್ಲಿ ಬಿ.ಎ. ಪದವಿ ಪಡೆದನು. ಅನಂತರ ಮೈಸೂರು ಸರ್ಕಾರದ ವಿದ್ಯಾರ್ಥಿವೇತನದಿಂದ ಪುಣೆಯ ಕಾಲೇಜು ಸೇರಿ 1883ರಲ್ಲಿ ಎಂಜಿನಿಯರಿಂಗ್ ಪರೀಕ್ಷೆಯಲ್ಲಿ ಮೊದಲಿಗನಾದನು. ಆ ವೇತನವನ್ನು ಯಾರಾದರೂ ಸಾಲವೆಂದು ಲೆಕ್ಕ ಹಾಕಿದ್ದರೆ ಎಷ್ಟು ರೂಪಾಯಿ ಆಗುತ್ತಿತ್ತೋ ತಿಳಿಯದು. ಆದರೆ 1908ರ ಸೆಪ್ಟೆಂಬರ್ 28ರಂದು ಮೂಸಿ ನದಿ ಉಕ್ಕಿ ಹೈದರಾಬಾದು ಕೊಚ್ಚಿಹೋದಾಗ ನಿಜಾಮರ ಸರ್ಕಾರ ಕರೆಸಿಕೊಂಡುದು ಇದೇ ವಿಶ್ವೇಶ್ವರಯ್ಯನವರನ್ನು. ಅವರು 1909ರಲ್ಲಿ ಬಂದು ನದಿಯ ಮೇಲ್ಭಾಗದಲ್ಲಿ ನೀರನ್ನು ತಡೆದು ನಿಲ್ಲಿಸುವ ಯೋಜನೆಯನ್ನು ಕೊಟ್ಟರು. ಗಂಡಿಪೇಟೆಯ ಉಸ್ಮಾನ್ ಸಾಗರ 1920ರಲ್ಲಿ, ಹಿಮಾಯತ್ ಸಾಗರ 1927ರಲ್ಲಿ ಸಿದ್ಧವಾದವು. ಮೈಸೂರಿನ ಬೊಕ್ಕಸ ಕೊಟ್ಟ ವೇತನದ ಬಡ್ಡಿಯನ್ನು ಹೈದರಾಬಾದಿನ ಜನ ಇಂದಿಗೂ ಉಣ್ಣುತ್ತಿದ್ದಾರೆ. ವಿದ್ಯೆಗೆ ಹಾಕಿದ ಹಣದ ಲಾಭವು ಓದಿದವನೊಬ್ಬನ ಜೇಬಿಗೆ ಮಾತ್ರ ಸೇರುವುದಿಲ್ಲವೆಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕೆ?

ವೇತನಕ್ಕೆ ಷರತ್ತುಗಳೂ ಇರುತ್ತಿದ್ದವು. ಡಾಕ್ಟರ್ ಅಂಬೇಡ್ಕರರು 1913ರಲ್ಲಿ ಬರೋಡಾ ಸಂಸ್ಥಾನದ ವೇತನ ಪಡೆದು ಅಮೆರಿಕಕ್ಕೆ ಹೋಗುವಾಗ, ಹಿಂದಿರುಗಿ ಹತ್ತು ವರ್ಷ ಸಂಸ್ಥಾನದ ಸೇವೆ ಮಾಡುವುದಾಗಿ ಬರೆದುಕೊಟ್ಟಿದ್ದರು. 1917ರಲ್ಲಿ ಮಾತಿನಂತೆ ಬರೋಡಕ್ಕೆ ಬಂದರೆ, ಅಷ್ಟು ಓದಿದವರಿಗೆ ತಂಗಲು ಒಂದು ಕೋಣೆಯೂ ಸಿಗಲಿಲ್ಲ. ಪದವಿ ಕೈಯಲ್ಲಿದ್ದ ಮಾತ್ರಕ್ಕೆ ಲೋಕವು ಅದರ ಬೆಲೆಯನ್ನು ಕೊಟ್ಟೇ ತೀರುವುದೆಂದು ಹೇಳಲಾಗದು. ಅವರಿಗೆ 1953ರಲ್ಲಿ ಗೌರವ ಡಾಕ್ಟರೇಟ್ ಕೊಟ್ಟು ಮನ್ನಿಸಿದುದು ನಮ್ಮ ಇದೇ ಉಸ್ಮಾನಿಯಾ ವಿಶ್ವವಿದ್ಯಾಲಯ.

ಉಸ್ಮಾನಿಯಾದ ಮಾತು ಬಂದುದರಿಂದ ಇನ್ನೊಂದು ವಿಷಯವನ್ನು ಹೇಳಬೇಕು. 1918ರಲ್ಲಿ ಅದು ಸ್ಥಾಪನೆಯಾದಾಗ ಬೋಧನೆಯ ಭಾಷೆ ಉರ್ದು. ದೇಶಭಾಷೆಯೊಂದರಲ್ಲಿ ವೈದ್ಯಶಾಸ್ತ್ರ, ಎಂಜಿನಿಯರಿಂಗ್ ಕಲಿಸಲು ಹೊರಟ ಆ ಸಾಹಸ ಮೆಚ್ಚತಕ್ಕದ್ದೇ. ಆದರೆ ಬೀದರ, ಕಲಬುರಗಿ, ರಾಯಚೂರುಗಳ ಹುಡುಗನಿಗೆ ಅದು ತಾಯಿನುಡಿಯಲ್ಲ. ಅವನು ಪದವಿಯ ಬೆಲೆಯನ್ನು ಎರಡು ಸಲ ತೆರಬೇಕಾಗಿತ್ತು. ಒಮ್ಮೆ ಹಣದಲ್ಲಿ, ಒಮ್ಮೆ ಭಾಷೆಯಲ್ಲಿ. ಭಾಲ್ಕಿಯ ಹಿರೇಮಠದ ಚನ್ನಬಸವ ಪಟ್ಟದೇವರು ಹೊರಗೆ ಉರ್ದು ಫಲಕ ತೂಗುಹಾಕಿ ಒಳಗೆ ಕನ್ನಡ ಕಲಿಸಿದರು. ಈ ನಗರದಲ್ಲಿ ಕಾಚಿಗುಡದ ನೃಪತುಂಗ ಶಾಲೆಯನ್ನು ಕಟ್ಟಿದ ಹಿರಿಯರ ಮನಸ್ಸಿನಲ್ಲಿಯೂ ಇದೇ ಸಂಕಟ ಇದ್ದಿರಬೇಕು.

1956ರ ನವೆಂಬರ್ 1ರಂದು ಆ ಮೂರು ಜಿಲ್ಲೆಗಳು ಕನ್ನಡ ನಾಡನ್ನು ಸೇರಿದವು. ಎರಡೇ ವರ್ಷಗಳಲ್ಲಿ, 1958ರಲ್ಲಿ, ಮಹಾದೇವಪ್ಪ ರಾಂಪುರೆಯವರ ಮುಂದಾಳುತನದಲ್ಲಿ ಕಲಬುರಗಿಯಲ್ಲಿ ಹೈದರಾಬಾದ್ ಕರ್ನಾಟಕ ಶಿಕ್ಷಣ ಸಂಸ್ಥೆ ಹುಟ್ಟಿ ಎಂಜಿನಿಯರಿಂಗ್ ಕಾಲೇಜು ಬಂದಿತು. ಊರಿನಲ್ಲೇ ಕಾಲೇಜು ಬಂದುದೇ ಒಂದು ದೊಡ್ಡ ವಿದ್ಯಾರ್ಥಿವೇತನವಾಯಿತು.

ಋಣವು ಸಾಲವಾದ ಬಗೆ

ಹಣವನ್ನು ಸಾಲವೆಂದೇ ಕೊಟ್ಟು ಓದಿಸುವ ಪದ್ಧತಿಯೂ ಹೊಸದೇನಲ್ಲ. ಜಮ್‌ಶೆಟ್‌ಜಿ ಟಾಟಾ ಅವರು 1892ರಲ್ಲಿಯೇ ವಿದೇಶಕ್ಕೆ ಹೋಗುವವರಿಗೆ ಸಾಲರೂಪದ ವಿದ್ಯಾರ್ಥಿವೇತನ ಆರಂಭಿಸಿದರು. ತುಮಕೂರಿನಲ್ಲಿ ಹುಟ್ಟಿದ ವಿಜ್ಞಾನಿ ರಾಜಾ ರಾಮಣ್ಣನವರು ಲಂಡನ್ನಿನಲ್ಲಿ ಓದಿದುದು ಇದರ ನೆರವಿನಿಂದ. ಭಾರತ ಸರ್ಕಾರವು 1963ರಲ್ಲಿ ರಾಷ್ಟ್ರೀಯ ಸಾಲ ವಿದ್ಯಾರ್ಥಿವೇತನವನ್ನು ತಂದಿತು. ಅದಕ್ಕೆ ಬಡ್ಡಿ ಇರಲಿಲ್ಲ. ಓದಿದವನು ಶಿಕ್ಷಕನಾದರೆ ಸೇವೆಯ ಒಂದೊಂದು ವರ್ಷಕ್ಕೂ ಸಾಲದ ಹತ್ತನೆಯ ಒಂದು ಪಾಲು ಮಾಫಿ. ಅದು ಸಾಲದ ಹೆಸರಿನ ಋಣವಾಗಿತ್ತೆಂದು ಹೇಳಬಹುದು.

ಇತ್ತ ಕರಾವಳಿಯಲ್ಲಿ ಶಾಲೆ ಮತ್ತು ಬ್ಯಾಂಕು ಒಂದೇ ಕೈಯಿಂದ ಬೆಳೆಯುತ್ತಿದ್ದವು. ಮಂಗಳೂರಿನಲ್ಲಿ 1891ರಲ್ಲಿ ಕೆನರಾ ಹೈಸ್ಕೂಲನ್ನು ಕಟ್ಟಿದ ಅಮ್ಮೆಂಬಳ ಸುಬ್ಬರಾವ್ ಪೈಗಳೇ 1906ರಲ್ಲಿ ಮುಂದೆ ಕೆನರಾ ಬ್ಯಾಂಕ್ ಆದ ನಿಧಿಯನ್ನು ಸ್ಥಾಪಿಸಿದರು. ಉಡುಪಿಯಲ್ಲಿ 1925ರಲ್ಲಿ ಸಿಂಡಿಕೇಟ್ ಬ್ಯಾಂಕಿನ ಮೂಲಸಂಸ್ಥೆಯನ್ನು ಕಟ್ಟಿದವರಲ್ಲೊಬ್ಬರಾದ ಡಾಕ್ಟರ್ ಟಿ. ಎಂ. ಎ. ಪೈಗಳು 1953ರಲ್ಲಿ ಮಣಿಪಾಲದ ಬೋಳುಗುಡ್ಡದ ಮೇಲೆ ಕಸ್ತೂರಬಾ ವೈದ್ಯಕೀಯ ಕಾಲೇಜನ್ನು ತೆರೆದರು. ಸರ್ಕಾರದ ಹಣವಿಲ್ಲದೆ ಕಾಲೇಜು ನಡೆಸುವುದಕ್ಕೆ ಅವರು ಕಂಡ ದಾರಿ, ಓದುವವರಿಂದಲೇ ದೊಡ್ಡ ಮೊತ್ತದ ವಂತಿಗೆ ಪಡೆಯುವುದು. ದೇಶವಿದೇಶಗಳಿಗೆ ವೈದ್ಯರನ್ನು ಕೊಟ್ಟ ಪ್ರಯೋಗವದು. ಆದರೆ ಅದೇ ದಾರಿಯಲ್ಲಿ ನಡೆದವರು ಎಲ್ಲರೂ ಮಣಿಪಾಲವನ್ನು ಕಟ್ಟಲಿಲ್ಲ. ಕ್ಯಾಪಿಟೇಶನ್ ಎಂಬ ಮಾತು ಮನೆಮಾತಾಯಿತು. 1984ರಲ್ಲಿ ಕರ್ನಾಟಕವು ಅದನ್ನು ನಿಷೇಧಿಸಿ ಶಾಸನ ಮಾಡಿತು. ಆದರೂ 1989ರ ಒಂದು ಸರ್ಕಾರಿ ಅಧಿಸೂಚನೆಯಂತೆ ಖಾಸಗಿ ವೈದ್ಯಕೀಯ ಕಾಲೇಜಿನ ವಾರ್ಷಿಕ ಶುಲ್ಕ ಸರ್ಕಾರಿ ಸೀಟಿಗೆ 2,000 ರೂಪಾಯಿ, ಕರ್ನಾಟಕದ ಇತರ ವಿದ್ಯಾರ್ಥಿಗಳಿಗೆ 25,000, ಹೊರರಾಜ್ಯದವರಿಗೆ 60,000. ಒಂದೇ ಬೆಂಚು, ಒಂದೇ ಪಾಠ, ಮೂರು ಬೆಲೆ. ಇದನ್ನು ಪ್ರಶ್ನಿಸಿದ ಮೋಹಿನಿ ಜೈನ್ ಪ್ರಕರಣದಲ್ಲಿ 1992ರಲ್ಲಿ ಸುಪ್ರೀಂ ಕೋರ್ಟು, ಕ್ಯಾಪಿಟೇಶನ್ ಶುಲ್ಕ ಸಂವಿಧಾನಕ್ಕೆ ವಿರುದ್ಧವೆಂದು ತೀರ್ಪು ಕೊಟ್ಟಿತು. 1993ರ ಉನ್ನಿಕೃಷ್ಣನ್ ತೀರ್ಪಿನ ಬೆನ್ನಲ್ಲೇ ಕರ್ನಾಟಕದಲ್ಲಿ ಸಾಮಾನ್ಯ ಪ್ರವೇಶ ಪರೀಕ್ಷೆ ಬಂದಿತು.

ಶುಲ್ಕದ ಬೆಲೆಯೇರಿಕೆ ಮಾತ್ರ ನಿಲ್ಲಲಿಲ್ಲ. ಅದನ್ನು ತುಂಬಲು 2001ರಲ್ಲಿ ಬ್ಯಾಂಕುಗಳ ಮಾದರಿ ಶಿಕ್ಷಣ ಸಾಲ ಯೋಜನೆ ಜಾರಿಗೆ ಬಂದಿತು. 4 ಲಕ್ಷದವರೆಗೆ ಒತ್ತೆ ಬೇಡ. ದೊಡ್ಡ ಮೊತ್ತಕ್ಕೆ ಆಸ್ತಿಯ ಭದ್ರತೆ ಬೇಕು. ಓದು ಮುಗಿದು ಒಂದು ವರ್ಷದವರೆಗೆ ಕಂತು ಕಟ್ಟಬೇಕಾಗಿಲ್ಲ. ಇದರಿಂದ ಕಾಲೇಜಿನ ಬಾಗಿಲು ಕಾಣದ ಎಷ್ಟೋ ಮನೆಗಳ ಮಕ್ಕಳು ಎಂಜಿನಿಯರುಗಳೂ ದಾದಿಯರೂ ಆದರೆಂಬುದನ್ನು ಕೃತಜ್ಞತೆಯಿಂದ ನೆನೆಯಬೇಕು. ಜಾತಿ ಕೇಳದೆ ಕೊಡುವ ಗುಣ ವಾರಾನ್ನಕ್ಕಿಲ್ಲದಿದ್ದರೂ ಬ್ಯಾಂಕಿಗೆ ಇದೆ. ಆದರೆ ಸೋಲಿನ ಭಾರವನ್ನು ಹಂಚಿಕೊಳ್ಳುವ ಗುಣ ವಾರಾನ್ನಕ್ಕಿತ್ತು, ಬ್ಯಾಂಕಿಗಿಲ್ಲ. ಹುಡುಗಿ ಓದಿದ ವಿದ್ಯೆಗೆ ಪೇಟೆಯಲ್ಲಿ ಬೇಡಿಕೆ ಕುಸಿದರೆ ಕಾಲೇಜಿಗೆ ನಷ್ಟವಿಲ್ಲ, ಅದರ ಹಣ ಮುಂಚೆಯೇ ಸಂದಿರುತ್ತದೆ. ಒತ್ತೆ ಇರುವ ಬ್ಯಾಂಕಿಗೂ ನಷ್ಟ ಕಡಿಮೆ. ನಷ್ಟವೆಲ್ಲ ಇಪ್ಪತ್ತೆರಡು ವರ್ಷದ ಒಂದು ಜೀವದ ಮೇಲೆ, ಬೀದರದ ಆ ಹಳೆಯ ಮನೆಯ ಮೇಲೆ.

ಹತ್ತು ಲಕ್ಷದ ಲೆಕ್ಕ

ಆ ರಾತ್ರಿ ನಾನು ಹಾಕಿದ ಲೆಕ್ಕವನ್ನು ಇಲ್ಲಿ ಕೊಡುತ್ತೇನೆ. ವರ್ಷಕ್ಕೆ ಎರಡೂವರೆ ಲಕ್ಷದಂತೆ ನಾಲ್ಕು ವರ್ಷಕ್ಕೆ 10 ಲಕ್ಷ. ಬಡ್ಡಿ ನೂರಕ್ಕೆ 10 ಎಂದು ಹಿಡಿಯೋಣ. ಓದಿನ ಕಾಲದಲ್ಲಿಯೂ ಅನಂತರದ ಒಂದು ವರ್ಷವೂ ಸರಳ ಬಡ್ಡಿ. ಮೊದಲ ವರ್ಷ 25,000, ಎರಡನೆಯ ವರ್ಷ 50,000, ಮೂರನೆಯ ವರ್ಷ 75,000, ನಾಲ್ಕನೆಯ ಮತ್ತು ಐದನೆಯ ವರ್ಷ ಒಂದೊಂದು ಲಕ್ಷ. ಒಟ್ಟು ಬಡ್ಡಿ 3,50,000. ಇದನ್ನು ಆಗಾಗ ಕಟ್ಟದೆ ಬಿಟ್ಟರೆ, ಕಂತು ಆರಂಭವಾಗುವ ದಿನ ಸಾಲ 13,50,000 ಆಗಿರುತ್ತದೆ. ಹತ್ತು ವರ್ಷದಲ್ಲಿ ತೀರಿಸುವುದಾದರೆ ತಿಂಗಳಿಗೆ ಸುಮಾರು 17,840 ರೂಪಾಯಿ. ಒಟ್ಟು ಕಟ್ಟುವುದು ಸುಮಾರು 21 ಲಕ್ಷ 40 ಸಾವಿರ. ಕಂತು ಹಗುರವಾಗಲೆಂದು ಹದಿನೈದು ವರ್ಷಕ್ಕೆ ಎಳೆದರೆ ತಿಂಗಳಿಗೆ ಸುಮಾರು 14,500. ಆದರೆ ಒಟ್ಟು 26 ಲಕ್ಷ ದಾಟುತ್ತದೆ.

ಹುಡುಗಿಯ ಮೊದಲ ಸಂಬಳ ತಿಂಗಳಿಗೆ 25,000 ಆದರೆ ಕಂತು ಕಟ್ಟಿ ಉಳಿಯುವುದು ಏಳು ಸಾವಿರ ಚಿಲ್ಲರೆ. 60,000 ಆದರೆ ಸಾಲ ಸುಲಭವಾಗಿ ತೀರುತ್ತದೆ. ಹಾಗಾದರೆ ನಾಲ್ಕು ವರ್ಷದ ಪದವಿ ಲಾಭವೋ ನಷ್ಟವೋ ಎಂಬ ಪ್ರಶ್ನೆಗೆ ಒಂದೇ ಉತ್ತರವಿಲ್ಲ. ಯಾವ ಪದವಿ, ಯಾವ ಕಾಲೇಜು, ಯಾವ ಬೆಲೆಗೆ ಎಂಬುದನ್ನು ಸೇರಿಸಿಯೇ ಕೇಳಬೇಕು. ಕಾಲೇಜಿನವರು ಜಾಹೀರಾತಿನಲ್ಲಿ ಅಚ್ಚು ಹಾಕಿಸುವುದು ಅತಿ ಹೆಚ್ಚು ಸಂಬಳ ಪಡೆದ ಒಬ್ಬನ ಅಂಕಿಯನ್ನು. ಸಾಲ ತೀರಿಸಬೇಕಾದುದು ನಡುವಿನ ಸಾಲಿನಲ್ಲಿ ಕುಳಿತ ವಿದ್ಯಾರ್ಥಿ.

ನಾಲ್ಕು ವರ್ಷ ಎಂಬ ಅಂಕಿಗೂ ಮಂತ್ರಶಕ್ತಿಯೇನೂ ಇಲ್ಲ. ಹೊಸ ಶಿಕ್ಷಣ ನೀತಿಯಂತೆ ಕರ್ನಾಟಕವು 2021ರಲ್ಲಿ ಬಿ.ಎ., ಬಿ.ಎಸ್ಸಿ., ಬಿ.ಕಾಂ. ಪದವಿಗಳಿಗೂ ನಾಲ್ಕನೆಯ ವರ್ಷವನ್ನು ತಂದಿತು. ಸುಖದೇವ ಥೋರಟ್ ಆಯೋಗದ ಮಧ್ಯಂತರ ವರದಿಯಂತೆ 2024ರಲ್ಲಿ ಮತ್ತೆ ಮೂರು ವರ್ಷದ ಪದವಿಗೇ ಮರಳಿತು. ಮೂರೇ ವರ್ಷಗಳಲ್ಲಿ ಸರ್ಕಾರವೇ ತನ್ನ ಮನಸ್ಸನ್ನು ಬದಲಿಸಿದ ಮೇಲೆ, ಒಂದು ವರ್ಷ ಕಡಿಮೆ ಓದಿದ ಮಾತ್ರಕ್ಕೆ ಮಗಳ ಬಾಳು ಕೆಟ್ಟಿತೆಂದು ತಂದೆತಾಯಿಗಳು ಕೊರಗಬೇಕಾಗಿಲ್ಲ.

ಅಮೆರಿಕದ ದಾರಿಯೂ ನಮ್ಮ ಬೀದಿಗಳಿಗೆ ಹೊಸದಲ್ಲ. ಅಲ್ಲಿ 1944ರಲ್ಲಿ ಯುದ್ಧದಿಂದ ಮರಳಿದ ಸೈನಿಕರನ್ನು ಸರ್ಕಾರವೇ ಖರ್ಚು ಕೊಟ್ಟು ಓದಿಸಿತು. ಮುಂದೆ ದಾನದ ಸ್ಥಳವನ್ನು ಸಾಲ ಹಿಡಿದು, ವಿದ್ಯಾರ್ಥಿಗಳ ಸಾಲ ಈಗ 1.6 ಲಕ್ಷ ಕೋಟಿ ಡಾಲರನ್ನು ಮೀರಿ ನಿಂತಿದೆ. ಇಲ್ಲಿಂದ ಸಾಲ ಮಾಡಿ ಅಲ್ಲಿಗೆ ಹೋಗುವವರ ಲೆಕ್ಕವಂತೂ ಪರದೇಶದ ಕಾನೂನಿನ ಮೇಲೆ ನಿಂತಿದೆ. 2025ರ ಸೆಪ್ಟೆಂಬರಿನಲ್ಲಿ ಹೊಸ ಎಚ್-1ಬಿ ಅರ್ಜಿಗೆ 1 ಲಕ್ಷ ಡಾಲರ್ ಶುಲ್ಕವೆಂದು ಅಲ್ಲಿನ ಅಧ್ಯಕ್ಷರು ಘೋಷಿಸಿದಾಗ ಹೈದರಾಬಾದಿನ ಎಷ್ಟು ಮನೆಗಳಲ್ಲಿ ಆ ರಾತ್ರಿ ನಿದ್ದೆ ಬರಲಿಲ್ಲವೆಂಬುದನ್ನು ನಾವು ಬಲ್ಲೆವು.

ಏನು ಮಾಡತಕ್ಕದ್ದು?

ಮರುದಿನ ನಾನು ಆ ತಂದೆಗೆ ಹೇಳಿದ ಮಾತುಗಳು ಇವು. ಮೊದಲನೆಯದಾಗಿ, ಆ ಕಾಲೇಜಿನಲ್ಲಿ ಅದೇ ವಿಷಯವನ್ನು ಎರಡು ವರ್ಷದ ಹಿಂದೆ ಓದಿ ಮುಗಿಸಿದ ಹತ್ತು ಮಂದಿಯನ್ನು ಹುಡುಕಿ ಕೇಳಬೇಕು. ಐದನೆಯ, ಆರನೆಯ ಸ್ಥಾನದವರ ವರ್ಷದ ಸಂಬಳಕ್ಕಿಂತ ಒಟ್ಟು ಸಾಲ ಬಹಳ ಹೆಚ್ಚಾಗಬಾರದು. ಎರಡನೆಯದಾಗಿ, ಸರ್ಕಾರಿ ಕಾಲೇಜಿನ ಬಾಗಿಲನ್ನು ತಟ್ಟದೆ ಖಾಸಗಿ ಬಾಗಿಲಿಗೆ ಹೋಗಬಾರದು. ಕಲ್ಯಾಣ ಕರ್ನಾಟಕಕ್ಕೆ 2013ರಿಂದ ಸಂವಿಧಾನದ 371ಜೆ ವಿಧಿಯ ಮೀಸಲಾತಿ ಇದೆ. ಹುಟ್ಟಿನಿಂದಾಗಲಿ ವಾಸದಿಂದಾಗಲಿ ಮಗಳು ಅದಕ್ಕೆ ಅರ್ಹಳೇ ಎಂದು ವಿಚಾರಿಸಬೇಕು. ಮೂರನೆಯದಾಗಿ, ಕೇಂದ್ರ ಸರ್ಕಾರದ 2024ರ ಪಿ.ಎಂ. ವಿದ್ಯಾಲಕ್ಷ್ಮಿ ಯೋಜನೆಯಲ್ಲಿ ಆಯ್ದ ಉತ್ತಮ ಸಂಸ್ಥೆಗಳಿಗೆ ಸೇರಿದವರಿಗೆ ಒತ್ತೆಯಿಲ್ಲದೆ ಸಾಲ ಉಂಟು; ಮನೆಯ ಆದಾಯ 8 ಲಕ್ಷದೊಳಗಿದ್ದರೆ 10 ಲಕ್ಷದವರೆಗಿನ ಸಾಲಕ್ಕೆ ನೂರಕ್ಕೆ 3ರಷ್ಟು ಬಡ್ಡಿ ನೆರವೂ ಉಂಟು. ಕಾಲೇಜು ಆ ಪಟ್ಟಿಯಲ್ಲಿದೆಯೇ ಎಂದು ನೋಡದೆ ಮನೆಯ ಕಾಗದವನ್ನು ಬ್ಯಾಂಕಿಗೆ ಕೊಡಬಾರದು.

ನಾಲ್ಕನೆಯದು, ಓದುವ ಕಾಲದ ಬಡ್ಡಿಯನ್ನು ಆಗಿಂದಾಗ್ಗೆ ಕಟ್ಟುವುದು. ಕಟ್ಟಿದರೆ ಸಾಲ 10 ಲಕ್ಷದಲ್ಲೇ ನಿಲ್ಲುತ್ತದೆ. ಹತ್ತು ವರ್ಷದ ಕಂತು 17,840ರಿಂದ ಸುಮಾರು 13,215ಕ್ಕೆ ಇಳಿಯುತ್ತದೆ. ಅದಕ್ಕೆ ಆ ತಂದೆ, “ಖರೆ ಅದರಿ ಸರ. ಆದ್ರ ಮನಿ ಬಾಡಿಗಿ, ಸಣ್ಣಾಂವನ ಸಾಲಿ ಫೀಜು ಕಟ್ಟಿ ಉಳಿಯೋದೇನದರಿ?” ಎಂದರು.

ಆಗ ನನಗೆ ತಂದೆಯವರ ಏಳು ಮನೆಗಳು ನೆನಪಾದವು. ಆ ಬಡ್ಡಿ ಐದು ವರ್ಷಕ್ಕೆ ಒಟ್ಟು ಮೂರೂವರೆ ಲಕ್ಷ. ಏಳು ಮನೆಗಳು ಹಂಚಿಕೊಂಡರೆ ಒಂದು ಮನೆಗೆ 50,000. ಮೊದಲ ವರ್ಷ ತಿಂಗಳಿಗೆ ಸುಮಾರು 300 ರೂಪಾಯಿ. ಕೊನೆಯ ವರ್ಷಗಳಲ್ಲಿ ಸುಮಾರು 1,200. ಮಿಯಾಪುರ, ಚಂದಾನಗರ, ಕುಕಟ್‌ಪಲ್ಲಿಗಳಲ್ಲಿ ಏಳು ಕನ್ನಡ ಮನೆಗಳಿಗೆ ಇದು ಅಸಾಧ್ಯವೆ? ನೌಕರಿ ಸಿಕ್ಕ ಮೇಲೆ ಆ ಹುಡುಗಿ ಈ ಹಣವನ್ನು ಏಳು ಮನೆಗಳಿಗೆ ಹಿಂದಿರುಗಿಸಬೇಕಾಗಿಲ್ಲ. ಮುಂದಿನ ವಿದ್ಯಾರ್ಥಿಯ ಬಡ್ಡಿಗೆ ಕಟ್ಟಿದರೆ ಸಾಕು. ಅಸಲು ಬ್ಯಾಂಕಿನ ಸಾಲ, ಬಡ್ಡಿ ನಮ್ಮೆಲ್ಲರ ಋಣ. ಜಾತಿ, ಊರು, ಉಪಭಾಷೆ ಯಾವುದನ್ನೂ ಕೇಳಬಾರದು. ವಾರಾನ್ನದ ತಪ್ಪನ್ನು ನಾವು ಮತ್ತೆ ಮಾಡಬಾರದು. ಹುಡುಗಿ ಸೋತರೆ ಹಣ ಹೋಯಿತೆಂದು ಏಳು ಮನೆಯವರೂ ಸುಮ್ಮನಾಗಬೇಕು. ನಷ್ಟವನ್ನು ಹಂಚಿಕೊಳ್ಳಲು ಸಿದ್ಧರಿಲ್ಲದವರು ಹಣ ಕೊಡಬಾರದು.

ಹುಡುಗಿಯ ಓದು ಈಗ ಹೇಗಿದೆಯೆಂದು ವಾಚಕರು ಕೇಳಬಹುದು. ತಂದೆಮಗಳು ಹತ್ತು ಮಂದಿಯನ್ನು ವಿಚಾರಿಸಿದರು. ಸಿಕ್ಕ ಉತ್ತರ ಅವರಿಗೆ ಧೈರ್ಯ ಕೊಡಲಿಲ್ಲ. ಆ ಕಾಲೇಜನ್ನು ಬಿಟ್ಟು, ಮುಂದಿನ ಸುತ್ತಿನಲ್ಲಿ ಕಡಿಮೆ ಶುಲ್ಕದ ಇನ್ನೊಂದು ಕಾಲೇಜಿನಲ್ಲಿ, ಮೊದಲು ಬಯಸದಿದ್ದ ವಿಷಯಕ್ಕೆ ಸೇರಿದಳು. ಸಾಲ 4 ಲಕ್ಷದೊಳಗೆ ಮುಗಿಯಿತು. ಬೀದರದ ಮನೆಯ ಕಾಗದ ಟ್ರಂಕಿನಲ್ಲೇ ಉಳಿಯಿತು. ಅವಳು ಮೊದಲು ಬಯಸಿದ ವಿಷಯವನ್ನೇ ಓದಿದ್ದರೆ ಹೆಚ್ಚು ಗೆಲ್ಲುತ್ತಿದ್ದಳೋ ಏನೋ, ಅದನ್ನು ಹೇಳಲು ನನ್ನಿಂದಾಗದು. ಆ ಆಸೆಯನ್ನು ಬಿಟ್ಟುಕೊಟ್ಟ ದಿನ ಅವಳು ಮೆಟ್ಟಿಲ ಮೇಲೆ ಒಬ್ಬಳೇ ಕುಳಿತಿದ್ದುದನ್ನು ನಾನು ಕಂಡಿದ್ದೇನೆ. ಹಣವಿಲ್ಲವೆಂಬ ಒಂದೇ ಕಾರಣಕ್ಕೆ ಮಗುವೊಂದು ತನ್ನ ಆಸೆಯನ್ನು ಕಿರಿದು ಮಾಡಿಕೊಳ್ಳುವುದು ನೋಡತಕ್ಕ ದೃಶ್ಯವಲ್ಲ.

ಅವಳ ಮೊದಲ ವರ್ಷದ ಬಡ್ಡಿಗೆ ಆರು ಮನೆಗಳು ಒಪ್ಪಿಕೊಂಡಿವೆ. ಏಳನೆಯದು, ಶನಿವಾರದ ಮನೆ, ಇನ್ನೂ ಸಿಕ್ಕಿಲ್ಲ. ಈ ಲೇಖನವನ್ನು ಓದಿದವರಲ್ಲಿ ಯಾರಾದರೂ ಆ ವಾರವನ್ನು ಒಪ್ಪಿಕೊಳ್ಳುವುದಾದರೆ, ರಾಜ್ಯೋತ್ಸವದ ಸಭೆ ಮುಗಿದ ಮೇಲೆ ನಾನು ಬಾಗಿಲ ಬಳಿ ನಿಂತಿರುತ್ತೇನೆ.